ಒಂದು ಮನೆಗೆ ಒಂದೇ

ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಅಂಗಡಿಗೆ ಹೊರಡಬೇಕು ಎನ್ನುವುದು ಅವನ ಹೆಂಡತಿ ಮಾಡಿದ ಕಾನೂನು. ಹಸಿದವರ ಕೈ ಕಂಡದ್ದನ್ನೆಲ್ಲ ಬುಟ್ಟಿಗೆ ಹಾಕುತ್ತದೆ, ಅದರಲ್ಲೂ ನಿಮ್ಮ ಕೈ, ಎನ್ನುತ್ತಿದ್ದಳು. ಅವಳು ಮನೆ ಬಿಟ್ಟು ಎಂಟು ತಿಂಗಳಾಗಿತ್ತು, ಕಾನೂನು ಮಾತ್ರ ಮನೆ ಬಿಟ್ಟಿರಲಿಲ್ಲ. ತಿಂಗಳ ಮೊದಲ ಶನಿವಾರದ ಆ ಮಧ್ಯಾಹ್ನ ಅವನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ ಕೆಲಸ ಮುಗಿಸಿ, ಉಗುರಿನ ಸಂದಿಯ ಪ್ಲಾಸ್ಟರನ್ನು ಹಳೆಯ ಬ್ರಷ್ಷಿನಿಂದ ಉಜ್ಜಿ ತೊಳೆದು, ನಿಂತುಕೊಂಡೇ ಎರಡು ಚೂರು ಬ್ರೆಡ್ಡನ್ನೂ ಬೇಯಿಸಿದ ಮೊಟ್ಟೆಯನ್ನೂ ನುಂಗಿದ. ಹಸಿವಿರಲಿಲ್ಲ. ಹಸಿವಿಲ್ಲದಿದ್ದರೂ ತಿಂದೇ ಹೊರಡಬೇಕೆ ಎಂದು ಕೇಳೋಣವೆಂದರೆ ಕಾನೂನು ಮಾಡಿದವಳು ಇರಲಿಲ್ಲ. ಗೋಡೆಯ ಹಲಗೆಯ ಮೇಲೆ ಇಪ್ಪತ್ತು ಮೂವತ್ತು ಪ್ಲಾಸ್ಟರಿನ ದವಡೆಗಳು ನಂಬರು ಅಂಟಿಸಿಕೊಂಡು ಅವನನ್ನೇ ನೋಡುತ್ತಿದ್ದವು. ಅವನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ಬಾಯಿಯ ಅಚ್ಚು ಬರುತ್ತದೆ, ಬಾಯಿಯ ಯಜಮಾನರು ಬರುವುದಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಎಷ್ಟು ಜನರ ನಗುವನ್ನು ಮೇಣದಲ್ಲಿ ತಿದ್ದಿ ಕಳಿಸಿದ್ದನೋ, ಆ ನಗು ಯಾರ ಮುಖದಲ್ಲಿ ಹೋಗಿ ಕೂತಿತೆಂದು ಅವನಿಗೆ ಗೊತ್ತಿಲ್ಲ. ಬೀದಿಯಲ್ಲಿ ಎದುರು ಬಂದವರ ಬಾಯಿ ನೋಡಿ ಆಮೇಲೆ ಕಣ್ಣು ನೋಡುವುದು ಹಾಗಾಗಿ ಅವನಿಗೆ ಚಟವಾಗಿತ್ತು. ಅಂಥವನ ಹೆಂಡತಿಗೇ ಎಡಗಡೆಯ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇರಲಿಲ್ಲ. ಮಾಡಿಕೊಡುತ್ತೇನೆ ಎಂದಾಗಲೆಲ್ಲ, ಈ ತಿಂಗಳು ಬೇಡ, ಡಾಕ್ಟರು ಸಾಮಾನಿನ ದುಡ್ಡು ಹಿಡಿದುಕೊಳ್ಳುತ್ತಾರೆ, ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದಳು. ಅವನೂ ಹೂಂ ಎನ್ನುತ್ತಿದ್ದ. ನಗುವಾಗ ಅವಳು ಕೈ ಅಡ್ಡ ಹಿಡಿಯುವುದನ್ನು ಕಲಿತುಬಿಟ್ಟಳು.

ಎರಡು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಅವನು ನಡೆದ. ಬಸ್ಸಿಗೆ ಕೊಡುವ ದುಡ್ಡಿಗೆ ಒಂದು ಸೋಪು ಬರುತ್ತದೆ, ಇದೂ ಅವಳದೇ ಲೆಕ್ಕ. ನಡೆಯುತ್ತ ತನ್ನನ್ನೇ ಗೇಲಿ ಮಾಡಿಕೊಂಡ. ಎಲ್ಲಿಗೆ ಸವಾರಿ? ಎಣ್ಣೆ ತರಲಿಕ್ಕೆ. ಮನೆಯಲ್ಲಿ ಎಣ್ಣೆ ಇಲ್ಲವೇ? ಇದೆ. ಎಷ್ಟಿದೆ? ಅಡುಗೆಮನೆಯ ಕಟ್ಟೆಯ ಕೆಳಗೆ ಐದೈದು ಲೀಟರಿನ ಏಳು ಕ್ಯಾನು ಸಾಲಾಗಿ ನಿಂತಿವೆ, ಆರಕ್ಕೆ ಇನ್ನೂ ಮುಚ್ಚಳ ತೆಗೆದಿಲ್ಲ. ಒಬ್ಬ ಮನುಷ್ಯ, ದಿನಕ್ಕೆ ಒಂದು ಮೊಟ್ಟೆ, ಎರಡು ಆಲೂಗಡ್ಡೆ. ಹಾಗಾದರೆ ಯಾಕೆ ಸ್ವಾಮಿ? ರಿಯಾಯಿತಿ ಇದೆಯಲ್ಲ, ಮೂರರಲ್ಲಿ ಒಂದು ಪಾಲು ಕಮ್ಮಿ. ಬೇಡದ ಸಾಮಾನನ್ನು ಮೂರರಲ್ಲಿ ಎರಡು ಪಾಲು ಕೊಟ್ಟು ಕೊಳ್ಳುವುದು ಉಳಿತಾಯವೇ ಎಂದು ಅವಳಾಗಿದ್ದರೆ ಕೇಳುತ್ತಿದ್ದಳು. ನಿಜ ಬೇರೆ ಇತ್ತು. ತಿಂಗಳ ಮೊದಲ ಶನಿವಾರ ಆ ದೊಡ್ಡ ಅಂಗಡಿಗೆ ಅವಳೂ ಬಂದೇ ಬರುತ್ತಾಳೆ, ಪ್ರಾಣ ಹೋದರೂ ರಿಯಾಯಿತಿಯ ದಿನ ಬಿಡುವವಳಲ್ಲ ಎಂದು ನಂಬಿ ಅವನು ಎಂಟು ತಿಂಗಳಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಕಾದದ್ದಕ್ಕೆ ಕೂಲಿಯಾಗಿ ಸಿಕ್ಕಿದ್ದು ಎಣ್ಣೆಯೇ.

ಅಂಗಡಿಯ ಬಾಗಿಲಲ್ಲಿ ಎಂದಿನ ಹಳದಿ ಬೋರ್ಡು ನಿಂತಿತ್ತು. ಎಣ್ಣೆ, ಸಕ್ಕರೆ, ಬಟ್ಟೆ ಸೋಪಿನ ಪುಡಿ. ಕೆಳಗೆ ಕೆಂಪಕ್ಷರದಲ್ಲಿ ‘ಒಂದು ಮನೆಗೆ ಒಂದೇ’. ಮದುವೆಯಾದ ಎರಡನೆಯ ವರ್ಷ ಇದೇ ಬೋರ್ಡಿನ ಮುಂದೆ ಅವಳು ನಿಂತು, ಓದಿ, ಎರಡು ನಿಮಿಷ ಯೋಚಿಸಿ, ಅವನ ಕಿವಿಯ ಹತ್ತಿರ ಬಂದು, “ನೀವು ಯಾರೋ ನನಗೆ ಗೊತ್ತಿಲ್ಲ, ಆಯ್ತಾ?” ಎಂದು ಹೇಳಿ ಬೇರೆ ಬುಟ್ಟಿ ಹಿಡಿದು ಬೇರೆ ಸಾಲಿಗೆ ನಡೆದುಬಿಟ್ಟಿದ್ದಳು. ಆ ದಿನ ಅವನು, ಬಿಲ್ಲು ಹಾಕುವವರು ಹಿಡಿದುಬಿಟ್ಟರೆ, ಮಾನ ಹೋದರೆ ಎಂದು ಎರಡು ಸಲ ಬೆವರು ಒರೆಸಿಕೊಂಡಿದ್ದ. ಯಾರೂ ಹಿಡಿಯಲಿಲ್ಲ. ಅವನು ಮೊದಲು ಹೊರಗೆ ಬಂದು, ಬೀದಿ ತಿರುಗಿ, ಬೀಗದ ಕೈ ಮಾಡುವವನ ಗೂಡಂಗಡಿಯ ಪಕ್ಕ ನಿಂತ. ಹತ್ತು ನಿಮಿಷಕ್ಕೆ ಅವಳು ಬಂದಳು, ಇನ್ನೊಂದು ಎಣ್ಣೆ, ಇನ್ನೊಂದು ಸಕ್ಕರೆ ಹಿಡಿದುಕೊಂಡು. ಇಬ್ಬರೂ ನಕ್ಕ ನಗುವಿಗೆ ಬೀಗದವನು ತಲೆಯೆತ್ತಿ ನೋಡಿದ. ಅಲ್ಲಿಂದ ಇಪ್ಪತ್ತೆರಡು ವರ್ಷ ತಿಂಗಳಿಗೊಂದು ಸಲ ಅವರು ಆ ಅಂಗಡಿಯೊಳಗೆ ಗಂಡಹೆಂಡತಿಯಾಗಿರಲಿಲ್ಲ. ಆಟಕ್ಕೆ ನಿಯಮಗಳು ಹುಟ್ಟಿಕೊಂಡವು. ಒಬ್ಬರ ಕಡೆಗೊಬ್ಬರು ನೋಡಕೂಡದು. ಒಟ್ಟಿಗೆ ಒಳಗೆ ಹೋಗಕೂಡದು, ಒಟ್ಟಿಗೆ ಹೊರಗೆ ಬರಕೂಡದು. ಒಮ್ಮೊಮ್ಮೆ ಅವಳಿಗೇ ತುಂಟತನ ಹೆಚ್ಚಾಗಿ, ಬೇಳೆಯ ಸಾಲಿನಲ್ಲಿ ಎದುರಾದಾಗ, “ಸ್ವಲ್ಪ ದಾರಿ ಬಿಡ್ತೀರಾ ಸಾರ್?” ಎನ್ನುತ್ತಿದ್ದಳು. ಇವನು, “ಹೋಗಿ ಮೇಡಂ,” ಎಂದು ಬೆನ್ನನ್ನು ಶೆಲ್ಫಿಗೆ ಅಂಟಿಸಿ ನಿಲ್ಲುತ್ತಿದ್ದ. ಅವಳು ದಾಟಿಹೋದ ಮೇಲೆ ಪರಸ್ತ್ರೀಯನ್ನು ನೋಡುವಂತೆ ಕದ್ದು ನೋಡುತ್ತಿದ್ದ. ಬೂದು ಸ್ವೆಟರು, ಬಲಗಡೆಗೆ ಸ್ವಲ್ಪ ವಾಲಿದ ನಡಿಗೆ, ಬುಟ್ಟಿಯ ಹಿಡಿಕೆಗೆ ಸುತ್ತಿದ ಕರವಸ್ತ್ರ. ಯಾರ ಹೆಂಡತಿಯೋ, ಪುಣ್ಯವಂತ, ಎಂದುಕೊಳ್ಳುತ್ತಿದ್ದ. ಮನೆಯಲ್ಲಿ ಒಂದು ದಿನವಾದರೂ ಅವಳನ್ನು ಹಾಗೆ ನೋಡಿದ್ದು ನೆನಪಿಲ್ಲ.

ಬುಟ್ಟಿ ತೆಗೆದುಕೊಂಡ. ತಳ್ಳುಗಾಡಿ ಮುಟ್ಟುವಂತಿಲ್ಲ. “ಬುಟ್ಟಿ ಹಿಡೀರಿ. ಕೈ ನೋಯೋಕೆ ಶುರುವಾದ್ರೆ ಸಾಕು ಅಂತ ಗೊತ್ತಾಗುತ್ತೆ.” ಕಣ್ಣೆತ್ತರದ ಶೆಲ್ಫಿನಲ್ಲಿ ದುಬಾರಿ ಮಾಲು ಇಡುತ್ತಾರೆ, ಅಗ್ಗದ್ದು ಮೊಣಕಾಲಿನ ಕೆಳಗಿರುತ್ತದೆ, ಆದ್ದರಿಂದ ಬಗ್ಗಬೇಕು. ದೊಡ್ಡ ಪೊಟ್ಟಣ ಅಗ್ಗವೆಂದು ನಂಬಬಾರದು. ಬೆಲೆಯ ಚೀಟಿಯ ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ನೂರು ಗ್ರಾಮಿಗೆ ಎಷ್ಟು ಎಂದು ಬರೆದಿರುತ್ತದೆ, ಅದನ್ನು ಓದಬೇಕು. ಮುರಿದ ಬಿಸ್ಕತ್ತಿಗೂ ಇಡೀ ಬಿಸ್ಕತ್ತಿಗೂ ಹೊಟ್ಟೆಯಲ್ಲಿ ವ್ಯತ್ಯಾಸವಿಲ್ಲ. ಅವನು ಬಗ್ಗಿದ, ಓದಿದ, ಅರ್ಧ ಬೆಲೆಯ ನಿನ್ನೆಯ ಬ್ರೆಡ್ಡನ್ನು ಒತ್ತಿ ನೋಡಿದ. ಹೀಗೆ ಬಗ್ಗಿದಾಗಲೆಲ್ಲ ಅವಳ ದನಿ ಕೇಳುವುದರಿಂದ ಅವನಿಗೆ ಬಗ್ಗುವುದೇ ಒಂದು ಸುಖವಾಗಿತ್ತು. ಸುಖವೆಂದರೆ ತಪ್ಪಾದೀತು. ಹುಣ್ಣನ್ನು ನಾಲಿಗೆ ಮತ್ತೆ ಮತ್ತೆ ಹೋಗಿ ಮುಟ್ಟಿ ಬರುತ್ತದಲ್ಲ, ಅಂಥದ್ದು. ಎಣ್ಣೆಯ ಕ್ಯಾನು ಎತ್ತಿ ಬುಟ್ಟಿಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಾಗ, ಸಕ್ಕರೆಯ ಸಾಲಿನ ಕೊನೆಯಲ್ಲಿ ಬೂದು ಸ್ವೆಟರು ಕಂಡಿತು.

ಅವಳು ಬಗ್ಗಿ ಚೀಟಿಯ ಮೂಲೆ ಓದುತ್ತಿದ್ದಳು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು, ಕತ್ತು ಸಣ್ಣಗಾಗಿತ್ತು. ಎದ್ದು ನಿಂತು ಈ ಕಡೆ ತಿರುಗಿದಳು, ಅವನ ಎಡಭುಜದ ಪಕ್ಕದ ಗಾಳಿಯನ್ನು ನೋಡಿದಳು, ಇನ್ನೊಂದು ಸಾಲಿಗೆ ನಡೆದಳು. ಅವನು ನಿಂತಲ್ಲೇ ನಿಂತ. ನೋಡಲಿಲ್ಲವೋ, ನೋಡಿಯೂ ನೋಡದಂತೆ ಹೋದಳೋ? ನೋಡದಂತೆ ಹೋದಳೆಂದರೆ ಅದು ಸಿಟ್ಟೋ, ಆಟವೋ? ಈ ಅಂಗಡಿಯೊಳಗೆ ಅವರಿಬ್ಬರಿಗೆ ಅದನ್ನು ತಿಳಿಯುವ ದಾರಿಯೇ ಇರಲಿಲ್ಲ. ಬೇರೆ ಗಂಡಹೆಂಡಿರು ಜಗಳವಾಡಿದರೆ ಮುಖ ತಿರುಗಿಸುತ್ತಾರೆ, ರಾಜಿಯಾದರೆ ಮುಖ ನೋಡುತ್ತಾರೆ. ಇವರು ತುಂಬ ಪ್ರೀತಿಯಲ್ಲಿದ್ದಾಗ ಕೂಡ ಇಲ್ಲಿ ಮುಖ ತಿರುಗಿಸಿಯೇ ನಡೆದವರು. ಅವನ ಮನಸ್ಸು, ನಾಚಿಕೆಯಿಲ್ಲದ ಮನಸ್ಸು, ಆಟವೇ ಇರಬೇಕೆಂದು ಹಲ್ಲು ಕಿಸಿಯಿತು.

ಆಟವಲ್ಲವೆಂದು ಅವನಿಗೆ ಗೊತ್ತಿತ್ತು. ಆ ದಿನವೂ ಇಂಥದೇ ಶನಿವಾರ. ಅವಳು ಆಸ್ಪತ್ರೆಯ ಬಟ್ಟೆ ಕೋಣೆಯಿಂದ ನೇರವಾಗಿ ಬಂದಿದ್ದಳು. ಅಲ್ಲಿ ಹಾಸಿಗೆಯ ಬಟ್ಟೆಗಳನ್ನು ಎಣಿಸಿ, ಹರಿದದ್ದನ್ನು ಹೊಲಿದು, ಮಡಚಿ ಇಡುವ ಕೆಲಸ ಅವಳದು. ಒಳಗೆ ಬರುವಾಗ ಕೈಚೀಲವನ್ನು ಬಾಗಿಲಲ್ಲಿ ಕೊಟ್ಟು ಟೋಕನ್ನು ತೆಗೆದುಕೊಳ್ಳಬೇಕಿತ್ತು. ಅವಸರದಲ್ಲಿ ಮರೆತಳು. ಬಿಲ್ಲಿನ ಹತ್ತಿರ ಚೀಲದ ಬಾಯಿ ತೆರೆದುಕೊಂಡು ಅದರೊಳಗಿನ ಸೋಪು ಕಾಣಿಸಿತು. ಬೇರೆ ಅಂಗಡಿಯಲ್ಲಿ ಸ್ವಲ್ಪ ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದ ಸೋಪು. ಬಿಲ್ಲು ಎಲ್ಲಿ ಎಂದರೆ ಬಿಲ್ಲಿರಲಿಲ್ಲ. ಮ್ಯಾನೇಜರು ಬಂದ. ಚೀಲದಲ್ಲಿ ಏನೇನಿದೆ ತೆಗೀಮ್ಮಾ ಎಂದ. ತರಕಾರಿ ತೂಗುವ ಮೇಜಿನ ಮೇಲೆ ಅವಳು ಒಂದೊಂದೇ ತೆಗೆದಿಟ್ಟಳು. ಸೋಪು. ಪೇಪರಿನಿಂದ ಕತ್ತರಿಸಿದ ಕೂಪನ್ನುಗಳ ಕಟ್ಟು, ಅದಕ್ಕೊಂದು ರಬ್ಬರ್ ಬ್ಯಾಂಡು. ಆಮೇಲೆ ಆಸ್ಪತ್ರೆಯ ಕ್ಯಾಂಟೀನಿನ ಸಕ್ಕರೆಯ ಚಿಕ್ಕ ಚಿಕ್ಕ ಕಾಗದದ ಪೊಟ್ಟಣಗಳು, ಐದಲ್ಲ, ಹತ್ತಲ್ಲ, ಮೂವತ್ತೋ ನಲವತ್ತೋ. ಕೊನೆಯ ಕೆಲವು ಮೇಜಿನಿಂದ ಜಾರಿ ನೆಲಕ್ಕೆ ಬಿದ್ದವು. ಸಾಲಿನಲ್ಲಿದ್ದವರು ಯಾರೋ ಕಿಸಕ್ಕೆಂದರು. ಅವನು ಪಕ್ಕದ ಸಾಲಿನಲ್ಲಿ ಎಣ್ಣೆಯ ಕ್ಯಾನು ಹಿಡಿದು ನಿಂತಿದ್ದ. ಆ ಸಕ್ಕರೆ ಅವನ ಬೆಳಗಿನ ಚಹಾದ ಸಕ್ಕರೆ. ಕಾಗದ ಹರಿದು ಲೋಟಕ್ಕೆ ಸುರಿಯುವ ಸಣ್ಣ ಸದ್ದನ್ನು ಅವನು ದಿನವೂ ಹಾಸಿಗೆಯಲ್ಲಿ ಮಲಗಿಕೊಂಡೇ ಕೇಳುತ್ತಿದ್ದ, ಎಲ್ಲಿಂದ ತಂದೆ ಎಂದು ಒಮ್ಮೆಯೂ ಕೇಳದೆ ಕುಡಿಯುತ್ತಿದ್ದ. ಮ್ಯಾನೇಜರು ಸುತ್ತ ನೋಡಿ, ಇವರ ಜೊತೆ ಯಾರಾದರೂ ಬಂದಿದ್ದೀರಾ ಎಂದ. ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದವನು ಇವನೊಬ್ಬನೇ ಆದ್ದರಿಂದ ಇವನ ಕಡೆಗೇ ತಿರುಗಿ, “ಸಾರ್, ನಿಮಗೆ ಗೊತ್ತಾ ಇವರು?” ಎಂದು ಕೇಳಿದ. ಅವಳು ಇಪ್ಪತ್ತೆರಡು ವರ್ಷದ ನಿಯಮ ಮುರಿದು ಅವನ ಮುಖವನ್ನೇ ನೋಡಿದಳು. ಅವನು, “ಇಲ್ಲ, ಗೊತ್ತಿಲ್ಲ,” ಎಂದ.

ಅಷ್ಟು ಸಲೀಸಾಗಿ ಬಂತು ಆ ಮಾತು. ದುಡ್ಡು ಕೊಟ್ಟ, ಚಿಲ್ಲರೆ ಎಣಿಸಿಕೊಂಡ, ಹೊರಗೆ ಬಂದು ಬೀಗದವನ ಗೂಡಿನ ಪಕ್ಕ ನಿಂತ. ನಿಯಮದ ಪ್ರಕಾರ ನಿಂತ. ಮುಕ್ಕಾಲು ಗಂಟೆಯ ಮೇಲೆ ಅವಳು ಬಂದಳು. ಸೋಪಿನ ಮೇಲೆ ಬೇರೆ ಅಂಗಡಿಯ ಚೀಟಿ ಇದ್ದದ್ದು ಕೊನೆಗೆ ಯಾರದೋ ಕಣ್ಣಿಗೆ ಬಿದ್ದು, ಅವಳನ್ನು ಬಿಟ್ಟು ಕಳಿಸಿದರಂತೆ. ಅದನ್ನೂ ಅವಳು ಹೇಳಿದ್ದಲ್ಲ, ತಿಂಗಳಾದ ಮೇಲೆ ಅವಳ ಅಕ್ಕನ ಗಂಡ, ಇವನ ಷಡ್ಡಕ, ಫೋನಿನಲ್ಲಿ ಹೇಳಿದ್ದು. ಆ ದಿನ ಅವಳು ಚೀಲವನ್ನು ಅವನ ಕೈಗೆ ಕೊಟ್ಟಳು, ಅಷ್ಟೆ. ಮನೆಗೆ ಬಂದು ಎಣ್ಣೆಯನ್ನು ಅದರ ಜಾಗದಲ್ಲಿಟ್ಟಳು. ಮರುದಿನ ಬೆಳಗ್ಗೆ ಚಹಾಕ್ಕೆ ಡಬ್ಬಿಯ ಸಕ್ಕರೆ ಹಾಕಿದಳು. ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡವಳಂತೆ ಓಡಾಡಿ, ನಾಲ್ಕನೆಯ ವಾರ ಬಟ್ಟೆ ಮಡಚಿಕೊಂಡು, “ಅಕ್ಕನ ಮನೆಗೆ ಹೋಗಿ ಬರ್ತೀನಿ,” ಎಂದಳು. ಆಯ್ತು ಎಂದು ಅವನು ಬಸ್ಸಿನ ಚಿಲ್ಲರೆ ಕೊಟ್ಟ. ಆಮೇಲಾಮೇಲೆ ಫೋನು ಮಾಡಿದರೆ ಮಧ್ಯಾಹ್ನ ನಾಲ್ಕಕ್ಕೂ ಅವಳು ಮಲಗಿರುತ್ತಿದ್ದಳು, ಬೆಳಗ್ಗೆ ಹತ್ತಕ್ಕೂ ಮಲಗಿರುತ್ತಿದ್ದಳು. ಅವಳ ಅಕ್ಕ ಇನ್ನೂ ಚೆನ್ನಾಗಿ ಸುಳ್ಳು ಹೇಳಬಹುದಿತ್ತು. ಅಷ್ಟು ಮರ್ಯಾದೆಯೂ ಅವನಿಗೆ ಬೇಡವೆಂದು ಕಂಡಿರಬೇಕು.

ಎಂಟು ತಿಂಗಳಿಂದ ಅವನು ಒಂದೇ ಪ್ರಶ್ನೆಯನ್ನು ಅರೆಯುತ್ತಿದ್ದ. ಯಾಕೆ ಹಾಗೆಂದೆ? ‘ಗೊತ್ತು, ನನ್ನ ಹೆಂಡತಿ’ ಎಂದಿದ್ದರೆ ಇಬ್ಬರದೂ ಒಂದೇ ಮನೆ ಎಂದು ಸಿಕ್ಕಿಬೀಳುತ್ತಿದ್ದೆವು, ಒಂದು ಎಣ್ಣೆ ವಾಪಸ್ಸು ಕೊಡಬೇಕಾಗುತ್ತಿತ್ತು, ಸಾಲದ್ದಕ್ಕೆ ಅವಳು ಮೋಸಗಾರ್ತಿಯೂ ಆಗುತ್ತಿದ್ದಳು. ಈ ಉತ್ತರವನ್ನು ಅವನು ಮೂರು ಸಲ ಕಾಗದದ ಮೇಲೆ ಬರೆದು ಹರಿದಿದ್ದ. ಸುಳ್ಳಲ್ಲ, ಅದರಲ್ಲಿ ಅರ್ಧ ನಿಜವಿತ್ತು. ಮೇಣದಲ್ಲಿ ಹಲ್ಲು ಕೂರಿಸುತ್ತ ಕೂತಾಗ ಉಳಿದ ಅರ್ಧ ಮೆಲ್ಲಗೆ ಬಂದು ಎದುರು ಕೂರುತ್ತಿತ್ತು. ನೆಲದ ಮೇಲೆ ಬಿದ್ದ ಸಕ್ಕರೆ ಪೊಟ್ಟಣಗಳನ್ನು ಆರಿಸಲು ಅವಳು ಬಗ್ಗಿದಾಗ ಸ್ವೆಟರಿನ ಬೆನ್ನಿನಲ್ಲಿ ಹೊಲಿಗೆ ಬಿಟ್ಟ ಜಾಗ ಕಂಡಿತ್ತಲ್ಲ, ಆಗ ಮೈಯೆಲ್ಲ ಹಿಡಿಯಾಗಿ, ಇವಳು ನನ್ನವಳಲ್ಲದಿದ್ದರೆ ಚೆನ್ನಾಗಿತ್ತು ಎಂದು ಒಂದೇ ಒಂದು ಗಳಿಗೆ ಅನ್ನಿಸಿತ್ತಲ್ಲ, ಅದು. ಒಂದು ಗಳಿಗೆಯೇ ಇರಬಹುದು. ಮ್ಯಾನೇಜರು ಕೇಳಿದ್ದೂ ಅದೇ ಗಳಿಗೆಯಲ್ಲಿ.

“ಆ ಮಿಷನ್ ಕೆಟ್ಟಿದೆ, ಎಲ್ಲರೂ ಈ ಕಡೆ ಬನ್ನಿ,” ಎಂದು ಬಿಲ್ಲು ಹಾಕುವ ಹೆಂಗಸು ಕೂಗಿದಳು. ಎರಡು ಸಾಲು ಒಡೆದು ಒಂದಾದವು. ತಳ್ಳಾಟದಲ್ಲಿ ಒಬ್ಬ ಮುದುಕಿ ಒಳನುಗ್ಗಿದಳು, ಯಾರೋ ಬೈದರು, ಎಲ್ಲ ತಿಳಿಯಾದಾಗ ಅವನ ಮುಂದೆ ಬೂದು ಸ್ವೆಟರು ನಿಂತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವರು ಒಂದೇ ಸಾಲಿನಲ್ಲಿ, ಒಬ್ಬರ ಹಿಂದೆ ಒಬ್ಬರು. ಬೆನ್ನಿನ ಹೊಲಿಗೆ ಹಾಕಿಕೊಂಡಿದ್ದಳು. ಅವಳ ಬುಟ್ಟಿಯೊಳಗೆ ಇಣುಕಿದ. ಎಣ್ಣೆ, ಸಕ್ಕರೆ, ದೊಡ್ಡ ಚಹಾ ಪೊಟ್ಟಣ, ಮಕ್ಕಳು ತಿನ್ನುವ ಬಣ್ಣದ ಬಿಸ್ಕತ್ತು, ಮುರಿಯದ್ದು. ತುಂಬಿದ ಮನೆಯ ಬುಟ್ಟಿ. ತನ್ನ ಬುಟ್ಟಿ ನೋಡಿಕೊಂಡ: ಅರ್ಧ ಬೆಲೆಯ ಬ್ರೆಡ್ಡು, ಆರು ಮೊಟ್ಟೆ, ಬೇಡದ ಎಣ್ಣೆ. ಅವಳ ಕೂದಲಿನಿಂದ ಆಸ್ಪತ್ರೆಯ ಬಟ್ಟೆಯ ಇಸ್ತ್ರಿ ವಾಸನೆ ಬರುತ್ತಿತ್ತು. ಮುಂದೆ ಬಾಗಿ ಆ ಭುಜದ ಮೇಲೆ ಗದ್ದ ಇಟ್ಟುಬಿಡಬೇಕೆನ್ನಿಸಿತು. ಬೇಕು, ಇವಳು ನನಗೆ ಬೇಕು ಎಂದು ಅವನು ಒಳಗೇ ಅಂದುಕೊಂಡ, ಚಿಕ್ಕ ಮಕ್ಕಳು ಅಂಗಡಿಯಲ್ಲಿ ಕಾಲು ಬಡಿದು ಅನ್ನುವಂತೆ.

ಅವನಿಗೊಂದು ಆಸೆ ಹುಟ್ಟಿತು. ನಾಲ್ಕು ತಿಂಗಳಿಂದ ಅಂಗಡಿಯವರು ಕಾರ್ಡು ಮಾಡಿದ್ದರು. ರಿಯಾಯಿತಿ ಬೇಕಾದವರು ಹೆಸರು, ಮನೆಯ ಅಡ್ರೆಸ್ಸು ಬರೆದುಕೊಟ್ಟು ಕಾರ್ಡು ಪಡೆಯಬೇಕು. ಒಂದು ಅಡ್ರೆಸ್ಸಿಗೆ ಎರಡನೆಯ ಸಲ ಎಣ್ಣೆ ಕೇಳಿದರೆ ಕಂಪ್ಯೂಟರು ಕೀಂ ಎನ್ನುತ್ತದೆ. ಇವನು ತನ್ನ ಮನೆಯ ಅಡ್ರೆಸ್ಸು ಬರೆದಿದ್ದ. ಅವಳೂ ಅದನ್ನೇ ಬರೆದಿದ್ದರೆ? ಇನ್ನೇನು ಬರೆದಾಳು, ಇಪ್ಪತ್ನಾಲ್ಕು ವರ್ಷ ಕೈಗೆ ಅಭ್ಯಾಸವಾದ ಅಡ್ರೆಸ್ಸು. ಈಗ ಅವಳ ಎಣ್ಣೆಗೆ ಬಿಲ್ಲಾಗುತ್ತದೆ, ಆಮೇಲೆ ಇವನ ಕಾರ್ಡು ಒತ್ತುತ್ತಾರೆ, ಕೀಂ. ನೀವಿಬ್ಬರೂ ಒಂದೇ ಮನೆಯವರಲ್ಲವೇ ಎಂದು ಬಿಲ್ಲಿನವಳು ಗದರುತ್ತಾಳೆ. ಎಲ್ಲರ ಮುಂದೆ ಕಳ್ಳರಂತೆ ಸಿಕ್ಕಿಬೀಳುತ್ತೇವೆ. ಸಿಕ್ಕಿಬೀಳುವುದೆಂದರೆ ಹೆದರಿ ಬೆವರುತ್ತಿದ್ದ ಮನುಷ್ಯ ಈಗ ಯಾವಾಗ ಸಿಕ್ಕಿಬಿದ್ದೇನು ಎಂದು ತುದಿಗಾಲಲ್ಲಿ ನಿಂತಿದ್ದ. ಆದರೆ ಅದನ್ನು ಕಂಪ್ಯೂಟರಿನ ಬಾಯಲ್ಲಿ ಹೇಳಿಸಿ ತಾನು ಹಿಂದೆ ಅವಿತು ನಿಲ್ಲುವುದು ಇನ್ನೊಂದು ಹೇಡಿತನವಲ್ಲವೇ? ಅವಳ ಸರದಿ ಬಂತು. ಬಿಲ್ಲಿನವಳು ಎಣ್ಣೆಗೆ ಕೈ ಹಾಕಿ, “ಒಂದು ಮನೆಗೆ ಒಂದೇ ಅಕ್ಕಾ. ಕಾರ್ಡ್ ಕೊಡಿ,” ಎಂದಳು.

“ಒಂದು ನಿಮಿಷ,” ಎಂದ ಅವನು. ದನಿ ಬೇಕಾದದ್ದಕ್ಕಿಂತ ಜೋರಾಯಿತು. “ಇವಳು ನನ್ನ ಹೆಂಡತಿ.”

ಬಿಲ್ಲಿನವಳು ತಲೆಯೆತ್ತಿದಳು. ಬೂದು ಸ್ವೆಟರಿನ ಬೆನ್ನು ಅಲುಗಲಿಲ್ಲ.

“ಆಯ್ತು ಸಾರ್. ಅದಕ್ಕೇನೀಗ?”

“ನನ್ನ ಬುಟ್ಟೀಲೂ ಎಣ್ಣೆ ಇದೆ. ನಾವಿಬ್ರೂ ಒಂದೇ ಮನೆ. ಇದನ್ನ ವಾಪಸ್ ಇಟ್ಕೊಳ್ಳಿ.” ಕ್ಯಾನನ್ನು ಎತ್ತಿ ಮೇಜಿನ ಮೇಲಿಟ್ಟ. ಅದು ಧಡ್ ಎಂದಿತು. “ಮೊದಲಿಂದಲೂ ಹೀಗೇ ಮಾಡ್ತಿದ್ವಿ. ಬೇರೆ ಬೇರೆ ಸಾಲಲ್ಲಿ ನಿಂತು ಎರಡೆರಡು ತಗೊಂಡು ಹೋಗ್ತಿದ್ವಿ. ಅದು ನನ್ನ ತಪ್ಪು. ಅವಳದೇನಿಲ್ಲ.”

“ಮನೆ ಜಗಳ ಮನೇಲಿ ಆಡ್ಕೊಳ್ರಪ್ಪಾ, ನಮ್ಮ ಐಸ್‌ಕ್ರೀಮು ಕರಗ್ತಿದೆ,” ಎಂದರು ಹಿಂದಿನಿಂದ ಯಾರೋ. ನಗು ಎದ್ದಿತು. ಅವನಿಗೆ ಆ ನಗುವಿನಿಂದ ಏನೂ ಆಗಲಿಲ್ಲ. ನಗಲಿ. ಇನ್ನೂ ಸ್ವಲ್ಪ ನಕ್ಕರೆ ಒಳ್ಳೆಯದೇ ಎಂದುಕೊಂಡ. ಬಿಲ್ಲಿನವಳು ಇಬ್ಬರ ಕಾರ್ಡನ್ನೂ ತೆಗೆದುಕೊಂಡು ಒತ್ತಿ ಪರದೆಯನ್ನು ನೋಡಿದಳು, ಇನ್ನೊಮ್ಮೆ ಒತ್ತಿದಳು. ಅವನು ಕೀಂ ಎನ್ನುವ ಸದ್ದಿಗೆ ಉಸಿರು ಹಿಡಿದು ನಿಂತಿದ್ದ.

“ಇಲ್ಲ ಸಾರ್, ಅಡ್ರೆಸ್ ಬೇರೆ ಬೇರೆ ಇದೆ,” ಎಂದಳು ಬಿಲ್ಲಿನವಳು, ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ. ಎರಡನ್ನೂ ಓದಿದಳು. ಒಂದು ಅವನ ಮನೆ. ಇನ್ನೊಂದು ಊರಿನ ಆಚೆ ಕೊನೆಯಲ್ಲಿರುವ ಷಡ್ಡಕನ ಮನೆ, ಮಹಡಿಯ ನಂಬರಿನ ಸಮೇತ. “ನಿಮಗೊಂದು, ಅಕ್ಕನಿಗೊಂದು. ಇಬ್ಬರಿಗೂ ಸಿಗುತ್ತೆ. ಯಾಕೆ ಸುಮ್ಮನೆ ವಾಪಸ್ ಕೊಡ್ತೀರಿ?”

ಅವನು ಬೆಪ್ಪನಂತೆ ಕ್ಯಾನನ್ನು ನೋಡಿದ. ಕೊಟ್ಟುಬಿಡುತ್ತೇನೆಂದು ಎಂಟು ತಿಂಗಳು ತಡವಾಗಿ ಮುಂದೆ ಚಾಚಿದ್ದನ್ನು ಬಿಲ್ಲಿನವಳು ಮೆಲ್ಲಗೆ ಅವನ ಕಡೆಗೇ ತಳ್ಳಿದಳು. ಇಷ್ಟು ವರ್ಷ ಕದ್ದು ಮುಚ್ಚಿ ತೆಗೆದುಕೊಂಡದ್ದು ಇಂದು ನ್ಯಾಯವಾಗಿ ಸಿಗುತ್ತಿತ್ತು. ಅವಳು ದುಡ್ಡು ಕೊಟ್ಟು, ಚಿಲ್ಲರೆ ಎಣಿಸಿ, ಚೀಲ ತುಂಬಿಕೊಂಡಳು. ಬಾಗಿಲ ಕಡೆಗೆ ನಡೆಯಲಿಲ್ಲ. ಅವನ ಬಿಲ್ಲು ಮುಗಿಯುವವರೆಗೆ ಗೋಡೆಯ ಪಕ್ಕ ನಿಂತಿದ್ದಳು. ಅವನು ಬಂದು ಅವಳ ಚೀಲಕ್ಕೆ ಕೈ ಹಾಕಿದ, ಅವಳು ಬಿಟ್ಟುಕೊಟ್ಟಳು. ಇಬ್ಬರೂ ಒಂದೇ ಬಾಗಿಲಿನಿಂದ ಒಟ್ಟಿಗೆ ಹೊರಗೆ ಬಂದರು. ಬಿಸಿಲಿತ್ತು. ಬಸ್ ನಿಲ್ದಾಣ ನೂರು ಹೆಜ್ಜೆ. ಆ ನೂರು ಹೆಜ್ಜೆಯನ್ನು ಇನ್ನೂರು ಮಾಡಲು ಅವನು ಸಣ್ಣ ಹೆಜ್ಜೆ ಹಾಕಿದ.

“ಅಡ್ರೆಸ್ ಬದಲಾಯಿಸಿದ್ದೀಯ,” ಎಂದ.

“ಕಾರ್ಡ್ ಮಾಡಿಸೋವಾಗ ಅಕ್ಕ ಪಕ್ಕದಲ್ಲಿದ್ಲು. ಎಲ್ಲಿದ್ದೀಯೋ ಅದನ್ನ ಬರಿ ಅಂದ್ಲು. ಬರೆದೆ.”

ನಿಲ್ದಾಣದ ಬೆಂಚಿನಲ್ಲಿ ಟೋಪಿ ಹಾಕಿದ ಮುದುಕನೊಬ್ಬ ಕೂತಿದ್ದ. ಅವಳು ಬೆಂಚಿನ ಈ ತುದಿಯಲ್ಲಿ ಕೂತಳು. ಅವನು ನಿಂತೇ ಇದ್ದ.

“ನಿಮಗೊಬ್ಬರಿಗೆ ಅಷ್ಟು ಎಣ್ಣೆ ಯಾಕೆ?” ಎಂದಳು.

“ನೀನು ಬರ್ತೀಯೇನೋ ಅಂತ ತಿಂಗಳು ತಿಂಗಳು ಬರ್ತಿದ್ದೆ. ಬಂದ ಮೇಲೆ ಬರೀ ಕೈಯಲ್ಲಿ ಹೋಗೋದು ಹೇಗೆ ಅಂತ...”

ಅವಳ ತುಟಿಯ ಕೊನೆ ಅಲುಗಿತು. ಕೈ ಮೇಲೆ ಬರಲಿಲ್ಲ, ಅಲುಗಿದ್ದು ನಗುವಾಗಲೂ ಇಲ್ಲ. “ನಾನು ಬೆಳಗ್ಗೇನೇ ಬಂದು ಹೋಗ್ತಿದ್ದೆ. ನೀವು ಮಧ್ಯಾಹ್ನ ಬರ್ತೀರಿ ಅಂತ ಗೊತ್ತಿತ್ತಲ್ಲ. ಇವತ್ತು ಬೇಕಂತಲೇ ಈ ಹೊತ್ತಿಗೆ ಬಂದೆ. ಒಂದು ಮಾತು ಕೇಳ್ಬೇಕಿತ್ತು. ಅಲ್ಲಿ ಅಷ್ಟು ಜನರ ಮುಂದೆ ನೀವು ಹೇಳಿದ್ದು ಕೇಳಿಸ್ಕೊಂಡೆ. ಆದ್ರೂ ಕೇಳ್ತೀನಿ. ಆ ದಿನ ಗೊತ್ತಿಲ್ಲ ಅಂದ್ರಲ್ಲ. ಎಣ್ಣೆ ಕೈತಪ್ಪುತ್ತೆ ಅಂತ ಅಂದ್ರಾ, ನಾಚಿಕೆಯಾಗಿ ಅಂದ್ರಾ?”

ಉತ್ತರ ಸಿದ್ಧವಾಗಿತ್ತು. ಮೂರು ಸಲ ಬರೆದ ಉತ್ತರ, ಎಣ್ಣೆಯ ಉತ್ತರ. ಬಾಯಿ ತೆರೆದರೆ ತಾನಾಗಿಯೇ ಹೊರಗೆ ಬೀಳುತ್ತಿತ್ತು. ಅವಳು ತಲೆಯೆತ್ತಿ ಅವನನ್ನು ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ, ಉತ್ತರ ಏನಿದ್ದರೆ ಚೆನ್ನವೆಂದು ಅವಳಿಗೇ ಒಂದು ಆಸೆ ಇದ್ದಂತೆ. ಆ ಮುಖಕ್ಕೆ ಇನ್ನೊಂದು ಸಲ ಸಲೀಸಾದ ಮಾತು ಆಡಲು ಅವನಿಗೆ ಮನಸ್ಸು ಬರಲಿಲ್ಲ.

“ನಾಚಿಕೆ ಆಯ್ತು,” ಎಂದ. “ಆ ಸಕ್ಕರೆ ಪೊಟ್ಟಣ ಎಲ್ಲ ಕೆಳಗೆ ಬಿತ್ತಲ್ಲ, ಆಗ. ಒಂದು ಗಳಿಗೆ. ಆ ಚಹಾ ಕುಡಿಯೋನು ನಾನೇ. ಆದ್ರೂ ನಾಚಿಕೆ ಆಯ್ತು.”

ಅವಳು ತಲೆಯಾಡಿಸಿದಳು. ಬೀದಿಯ ಕಡೆಗೆ ನೋಡಿದಳು. ಸಿಟ್ಟಿಲ್ಲದೆ, ಬೆಲೆ ಕೇಳಿದವರಿಗೆ ಬೆಲೆ ಹೇಳುವ ಹಾಗೆ ಹೇಳಿದಳು: “ಎಣ್ಣೆಗೆ ಅಂದಿದ್ರೆ ಇವತ್ತೇ ನಿಮ್ಮ ಜೊತೆ ಬಂದ್ಬಿಡ್ತಿದ್ದೆ. ಬಟ್ಟೆ ಆಮೇಲೆ ತರಿಸ್ಕೊಂಡ್ರಾಯ್ತು ಅಂದ್ಕೊಂಡಿದ್ದೆ.”

ಎಣ್ಣೆಗೂ ಹೌದು, ಅದೂ ಅರ್ಧ ನಿಜ ಎಂದು ಈಗ ಹೇಳಿದರೆ ಅದು ಚೌಕಾಸಿಯಾಗುತ್ತಿತ್ತು.

“ಇಪ್ಪತ್ತೆರಡು ವರ್ಷ ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ರಿ,” ಎಂದಳು ಅವಳು. “ಇವತ್ತೊಂದು ದಿನ ಹೇಳೋಕೆ ಆಗ್ಲಿಲ್ವಾ?”

ಬಸ್ಸು ಬಂತು, ಒಂದು ನಿಮಿಷವೂ ತಡಮಾಡದೆ. ಅವಳು ಎದ್ದು ಅವನ ಕೈಯಿಂದ ಚೀಲ ತೆಗೆದುಕೊಂಡಳು. ತೆಗೆದುಕೊಳ್ಳುವಾಗ ಅವಳ ಬೆರಳು ಅವನ ಬೆರಳ ಮೇಲೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಇತ್ತೋ, ಅಥವಾ ಚೀಲ ಭಾರವಿತ್ತೋ. ಮೆಟ್ಟಿಲು ಹತ್ತಿದಳು. ಕಿಟಕಿಯ ಪಕ್ಕದ ಸೀಟು ಖಾಲಿಯಿದ್ದರೂ ಒಳಗಡೆಯ ಸೀಟಿನಲ್ಲಿ ಕೂತಳು. ಬಸ್ಸು ಹೊರಟು, ಸಿಗ್ನಲ್ಲಿನಲ್ಲಿ ನಿಂತು, ದಾಟಿ, ತಿರುಗಿಕೊಂಡಿತು. ಅವನು ಎಣ್ಣೆಯ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಮನೆಗೆ ಹೋಗುವ ದಾರಿ ಎಡಕ್ಕಿತ್ತು. ಇವತ್ತೇ ಬಂದುಬಿಡುತ್ತಿದ್ದಳಂತೆ. ಈ ಹೊತ್ತಿಗೆ ಇಬ್ಬರೂ ಆ ದಾರಿಯಲ್ಲಿ ಅರ್ಧ ನಡೆದಿರುತ್ತಿದ್ದರು, ಅವಳು ಬಿಸಿಲಿಗೆ ಮುಖ ಗಂಟಿಕ್ಕಿಕೊಂಡು ಏಳು ಕ್ಯಾನಿನ ವಿಷಯಕ್ಕೆ ಅವನಿಗೆ ಬೈಯುತ್ತಿರುತ್ತಿದ್ದಳು. ಆ ಬೈಗುಳ ಎಷ್ಟು ಬೇಕೆನ್ನಿಸಿತೆಂದರೆ ಕಣ್ಣಲ್ಲಿ ನೀರು ಬಂತು. ತೋಳಿನಲ್ಲಿ ಒರೆಸಿಕೊಂಡು, ಅವಳು ಎದ್ದ ಜಾಗದಲ್ಲೇ ಬೆಂಚಿನ ಮೇಲೆ ಕೂತ.

“ಮುಂದಿನ ಬಸ್ಸು ಎಷ್ಟು ಹೊತ್ತಿಗೆ?” ಎಂದು ಟೋಪಿಯ ಮುದುಕನನ್ನು ಕೇಳಿದ.

“ಯಾವ ಕಡೆಗೆ?”

“ಈಗ ಹೋದಳಲ್ಲ, ಅವಳು ನನ್ನ ಹೆಂಡತಿ,” ಎಂದ ಅವನು. “ಅವಳು ಹೋದ ಕಡೆಗೆ.”

ಮುದುಕ ಅವನನ್ನೂ ಅವನ ಚೀಲವನ್ನೂ ಒಮ್ಮೆ ನೋಡಿ, ಇಪ್ಪತ್ತು ನಿಮಿಷ ಆಗುತ್ತದೆ, ಶನಿವಾರ ಒಮ್ಮೊಮ್ಮೆ ಇನ್ನೂ ತಡ ಎಂದು ಹೇಳಿ, ಅವನಿಗೆ ಚೀಲ ಇಟ್ಟುಕೊಳ್ಳಲು ಸ್ವಲ್ಪ ಆಚೆಗೆ ಸರಿದು ಕೂತ.